ಅಮ್ಮನ ಹರಕೆ, ಮಗಳ ಕರೆ

ಇದು ಕೊಡಗಿನ ಒಂದು ಕಥೋಲಿಕ ಕುಟುಂಬದ ಪ್ರಕರಣ. ಹುಡುಗಿಯೂ ಅವಳ ತಂದೆತಾಯಿಯೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು ಬದಲಿಸಿದ್ದೇನೆ, ಊರು ಹೇಳುವುದಿಲ್ಲ, ಗುರುತು ಹತ್ತಬಹುದಾದ ಇನ್ನೂ ಕೆಲವು ವಿವರಗಳನ್ನು ಬೇರೆ ಮಾಡಿದ್ದೇನೆ. ಹುಡುಗಿಯನ್ನು ಜೆಸಿಂತಾ ಎಂದು ಕರೆಯೋಣ.

ನನ್ನ ಹತ್ತಿರ ಬಂದಾಗ ಜೆಸಿಂತಾಳಿಗೆ 16 ವರ್ಷ. ಪ್ರಥಮ ಪಿಯುಸಿ, ವಿಜ್ಞಾನ. ತಂದೆ ಕಾವೇರಿ ಹೊಳೆಗೆ ಹತ್ತಿರದ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್, ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಏಳನೇ ಕ್ಲಾಸಿನ ತಮ್ಮನಿಗೆ ಚಿಕ್ಕಂದಿನಿಂದ ವೀಸಿಂಗ್, ಅಂದರೆ ಉಬ್ಬಸ. ಅಜ್ಜನ ಕಾಲದಲ್ಲಿ ಮೈಸೂರು ಸೀಮೆಯಿಂದ ತೋಟದ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತವರು, ಮನೆಮಾತು ಕನ್ನಡ. ಹುಡುಗಿಯನ್ನು ಆಪ್ತಸಲಹೆಗೆ ನನ್ನ ಹತ್ತಿರ ಕಳಿಸಿದ್ದು ಕಾಲೇಜಿನ ಉಪನ್ಯಾಸಕಿ. ಬೆಳಗಿನ ಪ್ರಾರ್ಥನೆಗೆ ನಿಂತಿದ್ದಾಗ ತಲೆ ಸುತ್ತಿ ಬಿದ್ದಿದ್ದಳು, ಊಟದ ಡಬ್ಬಿ ತೆರೆಯದೆ ಮನೆಗೆ ವಾಪಸು ಹೋಗುತ್ತಿತ್ತು, ಹತ್ತನೇ ಕ್ಲಾಸಿನಲ್ಲಿ ಚೆನ್ನಾಗಿ ಓದಿದ್ದವಳ ಅಂಕ ನೆಲ ಕಚ್ಚಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ರಕ್ತಹೀನತೆ ಇತ್ತು, ಕಬ್ಬಿಣಾಂಶದ ಮಾತ್ರೆ ಶುರುವಾಯಿತು. ಆದರೆ ರಾತ್ರಿಯ ನಿದ್ದೆ ಸುಧಾರಿಸಲಿಲ್ಲ.

ಮೊದಲ ದಿನ ನಾನು ಹುಡುಗಿಗೆ ಏನು ಕೇಳಿದರೂ ಉತ್ತರ ತಾಯಿಯ ಬಾಯಿಂದ ಬರುತ್ತಿತ್ತು. "ಇವಳು ಮಠ ಸೇರಿ ಸಿಸ್ಟರ್ ಆಗೋಳು ಮೇಡಂ. ಸಣ್ಣದ್ರಿಂದ ಅವಳಿಗೆ ಅದೇ ಆಸೆ. ಈಗ ಸೈತಾನ ಅಡ್ಡ ಬರ್ತಾ ಇದಾನೆ, ಅಷ್ಟೇ." ತಂದೆ ನನ್ನ ಮುಖ ನೋಡದೆ ಹೇಳಿದರು: "ನೀಟ್ ಕೋಚಿಂಗಿಗೆ ದುಡ್ಡು ಕಟ್ಟಿದೀನಿ. ಇವಳ ತಾಯಿ ಮಗೂ ತಲೆ ಕೆಡಿಸಿಟ್ಟಿದಾಳೆ." ಇಬ್ಬರ ಮಧ್ಯೆ ಕೂತಿದ್ದ ಜೆಸಿಂತಾ ವೇಲಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದಳು. ಅಪ್ಪ ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ.

ಒಬ್ಬಳೇ ಉಳಿದ ಮೇಲೆ, ಅವಳು ಹೇಳಿದ್ದು ನನ್ನಲ್ಲೇ ಇರುತ್ತದೆ, ಆದರೆ ಅವಳ ಜೀವಕ್ಕೆ ಅಪಾಯವಿದೆ ಅನ್ನಿಸಿದರೆ ಅಥವಾ ಯಾರಾದರೂ ಅವಳಿಗೆ ಕೆಡುಕು ಮಾಡುತ್ತಿದ್ದರೆ ಸುಮ್ಮನಿರುವುದಿಲ್ಲ ಎಂದು ಮೊದಲೇ ತಿಳಿಸಿದೆ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಈ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಅನೇಕ ಹಿರಿಯರು ಹೆದರುತ್ತಾರೆ, ಹಾಗೇನೂ ಇಲ್ಲ. ಕೇಳಿದರೆ ಮಕ್ಕಳಿಗೆ ಹಗುರಾಗುತ್ತದೆ. "ಸಾಯ್ಬೇಕು ಅಂತ ಇಲ್ಲ. ರಾತ್ರಿ ಮಲಗಿದ್ಮೇಲೆ ಬೆಳಗಾಗದೇ ಇದ್ರೆ ಚೆನ್ನಾಗಿತ್ತು ಅಂತ ಒಂದೊಂದ್ಸಲ ಅನ್ಸುತ್ತೆ," ಅಂದಳು. ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅವಳ ಒಪ್ಪಿಗೆ ಪಡೆದು ಅವತ್ತೇ ತಂದೆತಾಯಿಗೆ ತಿಳಿಸಿದೆ. ಮಡಿಕೇರಿಯ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಲು ಹೇಳಿದೆ. ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಮೂವರ ಫೋನಿನಲ್ಲೂ ಹಾಕಿಸಿದೆ. ವೈದ್ಯರು ನೋಡಿ, ಸದ್ಯಕ್ಕೆ ಮಾತ್ರೆ ಬೇಡ, ಆಪ್ತಸಲಹೆ ಮುಂದುವರಿಯಲಿ ಎಂದರು. ಮಾತ್ರೆ ಬೇಕಾಗಿದ್ದರೆ ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಇರುತ್ತಿರಲಿಲ್ಲ.

ಮುಂದಿನ ವಾರಗಳಲ್ಲಿ ಸಂಗತಿ ನಿಧಾನವಾಗಿ ಹೊರಬಂತು.

ಈಸ್ಟರಿನ ನಾಲ್ಕನೇ ಭಾನುವಾರವನ್ನು ಕಥೋಲಿಕ ಧರ್ಮಸಭೆ 1964ರಿಂದ ದೈವಕರೆಗಾಗಿ, ಅಂದರೆ ದೇವರ ಸೇವೆಗೆ ಬದುಕು ಮುಡಿಪಿಡುವ ಕರೆಗಾಗಿ, ಪ್ರಾರ್ಥಿಸುವ ದಿನವಾಗಿ ಆಚರಿಸುತ್ತಿದೆ. ಅಂಥದೊಂದು ಭಾನುವಾರ ಪೂಜೆಯ ಕೊನೆಯಲ್ಲಿ, ಗುರುಗಳಾಗಲು (ಪಾದ್ರಿಗಳಾಗಲು), ಸಿಸ್ಟರ್ ಆಗಲು ಯಾರಿಗೆಲ್ಲ ಮನಸ್ಸಿದೆಯೋ ಅವರು ಕೈ ಎತ್ತಿ ಎಂದು ಕೇಳಿದರಂತೆ. ತಾಯಿ ಮೊಣಕೈಯಿಂದ ತಿವಿದರು, ಜೆಸಿಂತಾ ಕೈ ಎತ್ತಿದಳು. ಅವತ್ತಿನಿಂದ ಧರ್ಮಕೇಂದ್ರದಲ್ಲಿ, ಅಂದರೆ ಆ ಚರ್ಚಿಗೆ ಸೇರಿದವರಲ್ಲಿ, ಎಲ್ಲರೂ ಅವಳನ್ನು "ನಮ್ಮ ಸಿಸ್ಟರಮ್ಮ" ಎಂದು ಕರೆಯತೊಡಗಿದರು. ಹಿರಿಯ ಹೆಂಗಸರು ಜಪಸರ ತಂದುಕೊಟ್ಟರು. ಜೊತೆಯ ಹುಡುಗಿಯರು ಅವಳ ಮುಂದೆ ಸಿನಿಮಾ, ಹುಡುಗರ ವಿಷಯ ಮಾತಾಡುವುದನ್ನೇ ಬಿಟ್ಟರು. ಪ್ರೀತಿಯಿಂದ ಮಾಡಿದ್ದೇ ಎಲ್ಲ. ಆದರೆ 16ರ ಹುಡುಗಿ ಒಂದು ಸಲ ಎತ್ತಿದ ಕೈಯನ್ನು ಊರೆಲ್ಲ ಹಿಡಿದುಕೊಂಡರೆ ಅವಳು ಅದನ್ನು ಇಳಿಸುವುದಾದರೂ ಹೇಗೆ?

ಇದರ ಹಿಂದೆ ಇನ್ನೂ ಹಳೆಯದೊಂದು ಮಾತು ಇತ್ತು. ಜೆಸಿಂತಾ ಹುಟ್ಟುವ ಮೊದಲು ತಾಯಿಗೆ ಎರಡು ಬಸಿರು ನಿಂತಿರಲಿಲ್ಲ. ಮೂರನೆಯದು ನಿಂತಾಗ ಸಂತ ಅನ್ನಮ್ಮನವರ ಪ್ರತಿಮೆಯ ಮುಂದೆ ಹರಕೆ ಹೊತ್ತಿದ್ದರು: ಈ ಮಗು ಉಳಿದರೆ ದೇವರಿಗೇ ಕೊಡುತ್ತೇನೆ ಎಂದು. ಕೊಡಗಿನ ಕಥೋಲಿಕರಿಗೆ ಅನ್ನಮ್ಮ ಬಹಳ ಹತ್ತಿರದವಳು. ವಿರಾಜಪೇಟೆ ಪಟ್ಟಣ ಕಟ್ಟಿದ 1792ರಲ್ಲೇ ಅಲ್ಲಿನ ಸಂತ ಅನ್ನಮ್ಮನವರ ದೇವಾಲಯವೂ ಶುರುವಾದದ್ದು. ಟಿಪ್ಪುವಿನ ಕಾಲದಲ್ಲಿ ನೆಲೆ ತಪ್ಪಿ ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಜಾಗ ಕೊಟ್ಟಿದ್ದ. ಅನ್ನಮ್ಮ ಮರಿಯಮ್ಮನ ತಾಯಿ. ಬಹಳ ಕಾಲ ಮಕ್ಕಳಿಲ್ಲದೆ ಕೊರಗಿ, ಹುಟ್ಟಿದ ಮಗಳನ್ನು ಎಳವೆಯಲ್ಲೇ ದೇವಾಲಯಕ್ಕೆ ಒಪ್ಪಿಸಿದಳು ಎಂಬುದು ಪರಂಪರೆಯ ನಂಬಿಕೆ, ನವೆಂಬರ್ 21ಕ್ಕೆ ಅದರ ಹಬ್ಬವೂ ಇದೆ. "ಅನ್ನಮ್ಮನೇ ಕೊಟ್ಟಿದಾಳೆ, ನಾನ್ಯಾವ ದೊಡ್ಡೋಳು ಮೇಡಂ?" ಎಂದು ತಾಯಿ ಕೇಳಿದಾಗ ಅವರ ಕಣ್ಣಲ್ಲಿ ಹಟ ಇರಲಿಲ್ಲ, ಎರಡು ಮಕ್ಕಳನ್ನು ಕಳೆದುಕೊಂಡ ಹೆಂಗಸಿನ ಭಯ ಇತ್ತು.

ಆ ಭಯ ಮಗಳಿಗೆ ದಾಟಿತ್ತು. ಒಂದು ಮಳೆಗಾಲದ ರಾತ್ರಿ ತಮ್ಮನಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಓಡಬೇಕಾಯಿತು. ಅವತ್ತು ತಾಯಿ ನೆರೆಮನೆಯವರೊಂದಿಗೆ "ಹರಕೆ ತೀರಿಸೋದು ತಡ ಆದ್ರೆ ಮನೇಲಿ ಹೀಗೇ" ಎಂದದ್ದನ್ನು ಹುಡುಗಿ ಕೇಳಿಸಿಕೊಂಡಳು. ಅಲ್ಲಿಂದಾಚೆ ತಮ್ಮ ಕೆಮ್ಮಿದರೆ ಸಾಕು, ಎದ್ದು ತಣ್ಣನೆಯ ನೆಲದ ಮೇಲೆ ಮೊಣಕಾಲೂರಿ ಜಪಸರ ಹೇಳುವಳು. ನಡುವೆ ಮನಸ್ಸು ಬೇರೆ ಕಡೆ ಹರಿದರೆ ಮತ್ತೆ ಮೊದಲಿನಿಂದ. ಒಂದು ಜಪಸರ ಮುಗಿಯುವ ಹೊತ್ತಿಗೆ ಕೆಲವು ರಾತ್ರಿ ಬೆಳಕು ಹರಿಯುತ್ತಿತ್ತು. ಊಟ ಬಿಡುತ್ತಿದ್ದದ್ದೂ ಇದಕ್ಕೇ, ಉಪವಾಸ ಎಂದು. ತಾಯಿ ಅದನ್ನು ಭಕ್ತಿ ಅಂದುಕೊಂಡಿದ್ದರು, ತಂದೆ ಹುಚ್ಚು ಅಂದುಕೊಂಡಿದ್ದರು. ಅದು ಎರಡೂ ಆಗಿರಲಿಲ್ಲ. ತಾನು ತಪ್ಪಿದರೆ ತಮ್ಮ ಸಾಯುತ್ತಾನೆ ಎಂದು ನಂಬಿದ ಒಂದು ಮಗು ರಾತ್ರಿಯಿಡೀ ಕಾವಲು ಕಾಯುತ್ತಿತ್ತು.

ನಿನಗೆ ನಿಜವಾಗಿ ಏನನ್ನಿಸುತ್ತದೆ ಎಂದು ಕೇಳಿದೆ. ಬಹಳ ಹೊತ್ತು ಬಿಟ್ಟು ಹೇಳಿದಳು: "ಕಾಲೇಜು ಬಿಟ್ಟು ಬಸ್ಸಿಗೆ ಕಾಯೋವಾಗ ಚರ್ಚಲ್ಲಿ ಒಬ್ಳೇ ಕೂತ್ಕೋತೀನಿ ಮೇಡಂ. ಆವಾಗ ಏನೂ ಹೆದರಿಕೆ ಇರಲ್ಲ. ಅಮ್ಮ ಪಕ್ಕದಲ್ಲಿದ್ರೆ ಹೆದರಿಕೆ. ಸಿಸ್ಟರ್ ಆಗ್ಬೇಕು ಅಂತ ನಂಗೂ ಅನ್ಸುತ್ತೆ. ಆದ್ರೆ ಅದು ನಂದಾ ಅಮ್ಮಂದಾ ಗೊತ್ತಾಗಲ್ಲ."

ನಾನು ಕ್ರೈಸ್ತಳಲ್ಲ. ನಮ್ಮದು ಐನ್‌ಮನೆಯ (ಕೊಡವ ಕುಲದ ಮೂಲಮನೆಯ) ನೆಲ್ಲಕ್ಕಿಯಲ್ಲಿ, ಅಂದರೆ ನಡುಮನೆಯಲ್ಲಿ, ಸಂಜೆ ದೀಪ ಹಚ್ಚಿ ಗುರುಕಾರಣರನ್ನು, ಕುಲದ ಹಿರಿಯರನ್ನು, ನೆನೆಯುವ ಮನೆತನ. ಆ ದೀಪದ ಮುಂದೆ ಕೈಮುಗಿಯುವುದನ್ನು ನನಗೆ ಯಾರೂ ಪಾಠ ಮಾಡಿ ಕಲಿಸಲಿಲ್ಲ, ಅಜ್ಜಿ ಮುಗಿಯುತ್ತಿದ್ದರು, ನಾನೂ ಮುಗಿದೆ. ನಂಬಿಕೆ ಮನೆಯಿಂದ ಬರುತ್ತದೆ, ಬರಲೇಬೇಕು. ಮಕ್ಕಳ ಮೇಲೆ ಪ್ರಭಾವ ಬೀರಬೇಡಿ ಎಂದು ಯಾವ ತಂದೆತಾಯಿಗೂ ನಾನು ಹೇಳುವುದಿಲ್ಲ, ಅದು ಆಗದ ಮಾತು. ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಹೆಚ್ಚಿನ ಎಚ್ಚರ ಬೇಕು. ಅಮ್ಮನ ಮುಖ ಬಾಡದಂತೆ ನೋಡಿಕೊಳ್ಳುವುದನ್ನು ನಾವು ಅವರಿಗೆ ತೀರ ಎಳವೆಯಲ್ಲೇ ಕಲಿಸಿಬಿಟ್ಟಿರುತ್ತೇವೆ. ಅಂಥ ಹುಡುಗಿ "ಹೂಂ" ಅಂದರೆ ಅದು ಒಪ್ಪಿಗೆಯೋ ಅಮ್ಮನ ಮೇಲಿನ ಮಮತೆಯೋ ಅವಳಿಗೇ ತಿಳಿಯುವುದಿಲ್ಲ.

ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಷಿಯಾ 1966ರಲ್ಲಿ, ಹದಿಹರೆಯದವರು ತಮ್ಮ ಗುರುತು ಕಂಡುಕೊಳ್ಳುವ ಬಗೆಯನ್ನು ನಾಲ್ಕು ಸ್ಥಿತಿಗಳಾಗಿ ವಿಂಗಡಿಸಿ ತೋರಿಸಿದರು. ಅದರಲ್ಲಿ ಒಂದು, ತಾನು ಹುಡುಕದೆ, ಪ್ರಶ್ನಿಸದೆ, ದೊಡ್ಡವರು ಕೊಟ್ಟದ್ದನ್ನೇ ತನ್ನದೆಂದು ಬಿಗಿಯಾಗಿ ಹಿಡಿದುಕೊಳ್ಳುವುದು. ಹೊರಗಿನಿಂದ ನೋಡಿದರೆ ಇಂಥ ಮಕ್ಕಳು ಬಹಳ ಸ್ಥಿರವಾಗಿ ಕಾಣುತ್ತಾರೆ, "ನಮ್ಮ ಹುಡುಗಿಗೆ ಗುರಿ ಸ್ಪಷ್ಟ ಇದೆ" ಎಂದು ಮನೆಯವರು ಹೆಮ್ಮೆ ಪಡುತ್ತಾರೆ. ತೊಂದರೆ ಏಳುವುದು ಆಮೇಲೆ. ಕನ್ಯಾಮಠದ ಜೀವನ ಕಷ್ಟದ್ದು. ಆಳವಾಗಿ ತನ್ನದು ಅನ್ನಿಸಿ ಹೋದವರಿಗೇ ಅಲ್ಲಿ ನಿಲ್ಲುವುದು ಸುಲಭವಲ್ಲ, ಇನ್ನು ಅಮ್ಮನ ಸಾಲ ತೀರಿಸಲು ಹೋದವಳ ಗತಿಯೇನು? ಈ ಮಾತನ್ನು ತಾಯಿಗೆ ಹೇಳಿದೆ. ಅವರು ತಲೆಯಾಡಿಸಿದರು. ಆದರೆ ಹರಕೆಯ ಗಂಟು ಮನಶ್ಶಾಸ್ತ್ರದಿಂದ ಬಿಚ್ಚುವಂಥದ್ದಲ್ಲ ಎಂಬುದು ನನಗೂ ಗೊತ್ತಿತ್ತು. ಅವರ ನಂಬಿಕೆಯೊಳಗಿಂದಲೇ ಯಾರಾದರೂ ಬಿಚ್ಚಬೇಕಿತ್ತು.

ಅವರ ಒಪ್ಪಿಗೆ ಪಡೆದು ಧರ್ಮಕೇಂದ್ರದ ಹಿರಿಯ ಗುರುಗಳೊಬ್ಬರನ್ನು ಕಂಡೆ. ಅವರು ಸಾವಧಾನವಾಗಿ ಕೇಳಿಸಿಕೊಂಡು, ತಾಯಿಯನ್ನು ಕರೆಸಿ, ನನ್ನ ಎದುರೇ ಮಾತಾಡಿದರು. ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲಿ ಇದಕ್ಕೆ ನೇರ ಉತ್ತರವಿದೆ ಎಂಬುದು ನನಗೆ ತಿಳಿದದ್ದು ಅವತ್ತು. 1193ನೇ ವಿಧಿಯ ಪ್ರಕಾರ ಹರಕೆ ಕಟ್ಟಿಹಾಕುವುದು ಅದನ್ನು ಹೊತ್ತವರನ್ನು ಮಾತ್ರ. ತಾಯಿ ಹೊತ್ತದ್ದು ಮಗಳನ್ನು ಕಟ್ಟುವುದಿಲ್ಲ. ಹೊತ್ತ ಹರಕೆಯಿಂದ ಸಕಾರಣವಿದ್ದರೆ ಬಿಡುಗಡೆ ಕೊಡುವ ಅಧಿಕಾರ ಧರ್ಮಕೇಂದ್ರದ ಗುರುಗಳಿಗೇ ಇದೆ. ಅಷ್ಟೇ ಒಳ್ಳೆಯ ಅಥವಾ ಇನ್ನೂ ಒಳ್ಳೆಯ ಬೇರೊಂದು ಕೆಲಸಕ್ಕೆ ಅದನ್ನು ಬದಲಿಸಿಕೊಳ್ಳಲೂಬಹುದು. ಯಾವ ಬಗೆಯ ಜೀವನ ಆರಿಸಿಕೊಳ್ಳಬೇಕು ಎಂಬುದರಲ್ಲಿ ಯಾರ ಬಲವಂತವೂ ಇಲ್ಲದಿರುವುದು ಪ್ರತಿಯೊಬ್ಬ ಕ್ರೈಸ್ತರ ಹಕ್ಕು ಎನ್ನುತ್ತದೆ 219ನೇ ವಿಧಿ. ಬಲವಂತಕ್ಕೋ ಘೋರ ಭಯಕ್ಕೋ ಒಳಗಾಗಿ ಒಬ್ಬಳು ನವಶಿಷ್ಯೆಯಾಗಿ, ಅಂದರೆ ವ್ರತಕ್ಕೆ ಮೊದಲಿನ ಮಠದ ತರಬೇತಿಗೆ, ಸೇರಿದರೆ ಆ ಸೇರ್ಪಡೆಯೇ ಊರ್ಜಿತವಲ್ಲ.

ತಾಯಿ ಸೋಲೊಪ್ಪಲಿಲ್ಲ. ಬೈಬಲ್ಲಿನ ಹನ್ನಳ ಮಾತೆತ್ತಿದರು. ಅವಳೂ ಹರಕೆ ಹೊತ್ತು ಹೆತ್ತ ಸಮುವೇಲನನ್ನು ದೇವರ ಆಲಯಕ್ಕೆ ಕೊಟ್ಟಿದ್ದಳಲ್ಲ ಎಂದರು. ಗುರುಗಳು ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. "ಹನ್ನ ಕೊಟ್ಟಳು, ಸರಿ. ಆದ್ರೂ ದೇವರು ಆ ಹುಡುಗನನ್ನ ಬೇರೆಯಾಗಿ, ಅವನ ಹೆಸರು ಹಿಡಿದೇ ಕರೀಬೇಕಾಯ್ತು ನೋಡಮ್ಮ. ರಾತ್ರಿ ಕರೆ ಕೇಳಿ ಅವನು ಮೂರು ಸಲ ಯಾಜಕ ಏಲಿ ಹತ್ರ ಓಡಿ ಬಂದ, ದೊಡ್ಡೋರೇ ಕರೆದ್ರು ಅಂದ್ಕೊಂಡು. ಏಲಿ ಏನಂದ? ನಾನು ಕರೀಲಿಲ್ಲ ಮಗಾ, ಹೋಗಿ ಮಲಕೋ ಅಂದ. ನೀನು ಆ ಮಾತು ನಿನ್ನ ಮಗಳಿಗೆ ಇನ್ನೂ ಹೇಳಿಲ್ಲ."

ಆ ತಾಯಿ ಬಹಳ ಹೊತ್ತು ಅತ್ತರು. ಬಿಡುಗಡೆ ಬೇಡ, ಬದಲಿಸಿ ಕೊಡಿ ಎಂದು ಕೇಳಿಕೊಂಡರು. ಒಂದು ವರ್ಷ ಪ್ರತಿ ಶನಿವಾರ, ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಹಾಸಿಗೆ ಹಿಡಿದ ಮುದುಕರನ್ನು, ಕಾಯಿಲೆಯವರನ್ನು ಹೋಗಿ ನೋಡುವುದು, ಗಂಜಿ ಕಾಯಿಸಿ ಕೊಡುವುದು, ಕೇಳಿದವರ ಜೊತೆ ಪ್ರಾರ್ಥನೆ ಮಾಡುವುದು ಎಂದಾಯಿತು. ಆಮೇಲೆ ನಾನು ಅವರಿಗೆ ಕೊಟ್ಟ ಸಲಹೆ ಒಂದೇ: ಇದನ್ನು ಮಗಳಿಗೆ ಸುತ್ತಿಬಳಸದೆ, ಅವಳ ಮುಖ ನೋಡಿ ಹೇಳಬೇಕು. ಅವರು ಹೇಳಿದರು. "ಹರಕೆ ನಂದು, ನಾನೇ ತೀರಿಸ್ತೀನಿ. ನಿಂದು ಅದ್ರಲ್ಲಿ ಏನೂ ಬಾಕಿ ಇಲ್ಲ. ತಮ್ಮನ ಉಬ್ಬಸಕ್ಕೂ ನಿಂಗೂ ಸಂಬಂಧ ಇಲ್ಲ." ಜೆಸಿಂತಾ ತಕ್ಷಣ ನಂಬಲಿಲ್ಲ. ಅಷ್ಟು ವರ್ಷದ ಭಯ ಒಂದು ಮಾತಿಗೆ ಹೋಗುವುದಿಲ್ಲ, ಮತ್ತೆ ಮತ್ತೆ ಹೇಳಬೇಕಾಗುತ್ತದೆ ಎಂದು ತಾಯಿಗೆ ಮೊದಲೇ ತಿಳಿಸಿದ್ದೆ.

ತಮ್ಮನ ವಿಷಯಕ್ಕೆ ಮಕ್ಕಳ ವೈದ್ಯರನ್ನು ಕಾಣಲು ಹೇಳಿದೆ. ಉಬ್ಬಸ ತಡೆಯಲು ದಿನವೂ ಎಳೆಯಬೇಕಾದ ಇನ್‌ಹೇಲರನ್ನು ಇವರು ಹುಡುಗ ಚೇತರಿಸಿಕೊಂಡ ಕೂಡಲೇ ನಿಲ್ಲಿಸಿಬಿಡುತ್ತಿದ್ದರು, "ಅಭ್ಯಾಸ ಆಗುತ್ತೆ" ಎಂಬ ಹೆದರಿಕೆಯಿಂದ. ನಮ್ಮ ಮಳೆಗಾಲ ಗೊತ್ತಲ್ಲ, ಗೋಡೆಗೆಲ್ಲ ಬೂಷ್ಟು, ಬಚ್ಚಲ ಒಲೆಯ ಹೊಗೆ ಮನೆಯೊಳಗೇ. ಹುಡುಗ ಮಲಗುವ ಕೋಣೆ ಬದಲಿಸಿದರು, ಇನ್‌ಹೇಲರ್ ನಿಲ್ಲಿಸದೆ ಕೊಟ್ಟರು. ಅವನ ರಾತ್ರಿಗಳು ಸುಧಾರಿಸಿದ್ದು ಅಕ್ಕನಿಗೆ ಯಾವ ಬುದ್ಧಿಮಾತಿಗಿಂತಲೂ ಹೆಚ್ಚು ಸಹಾಯ ಮಾಡಿತು.

ಜೆಸಿಂತಾಳೊಂದಿಗೆ ನಡೆದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಇಂಥ ಭಯ ಬೇರೆ ಮಕ್ಕಳಲ್ಲೂ ಇರುತ್ತದೆ. ಪ್ರಾರ್ಥನೆ ಬಿಡು ಎಂದು ನಾನು ಹೇಳಲಿಲ್ಲ. ಭಯದಿಂದ ಮಾಡುವ ಪ್ರಾರ್ಥನೆ ಯಾವುದು, ಪ್ರೀತಿಯಿಂದ ಮಾಡುವುದು ಯಾವುದು ಎಂದು ಅವಳೇ ಬೇರೆ ಮಾಡಿದಳು. ಚರ್ಚಿನಲ್ಲಿ ಒಬ್ಬಳೇ ಕೂರುವುದು ಪ್ರೀತಿಯದು, ಅದು ಇರಲಿ. ಸಂಜೆ ಮನೆಯವರ ಜೊತೆಗಿನ ಜಪಸರ ಇರಲಿ, ಒಂದೇ ಸಲ, ತಪ್ಪಿದರೂ ಹಿಂದಕ್ಕೆ ಹೋಗದೆ. ರಾತ್ರಿ ತಮ್ಮ ಕೆಮ್ಮಿದರೆ ಅಮ್ಮನನ್ನು ಎಬ್ಬಿಸಿ ಹಾಸಿಗೆಗೆ ಮರಳುವುದು, ಮೊಣಕಾಲೂರುವುದಿಲ್ಲ. ಆಗ ಎದೆ ಡವಗುಟ್ಟುತ್ತದೆ, ಏನೋ ಆಗಿಯೇ ಬಿಡುತ್ತದೆ ಅನ್ನಿಸುತ್ತದೆ. ಆ ಹೆದರಿಕೆಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆದಿಡು, ಅರ್ಧ ಗಂಟೆ ಬಿಟ್ಟು ಮತ್ತೆ ಬರೆ ಎಂದೆ. ಭಯಕ್ಕೆ ನಾವು ಏನೂ ಮಾಡದೆ ಇದ್ದರೂ ಅದು ತಾನಾಗಿ ಇಳಿಯುತ್ತದೆ ಎಂಬುದನ್ನು ಅವಳು ತನ್ನ ಅಂಕಿಗಳಲ್ಲೇ ನೋಡಬೇಕಿತ್ತು. ಮೊದಲ ವಾರ ಎರಡು ರಾತ್ರಿ ತಡೆಯಲಾರದೆ ಎದ್ದು ಜಪಸರ ಹಿಡಿದಳು, ಪರವಾಗಿಲ್ಲ ಎಂದೆ. ಹಳೆ ಅಭ್ಯಾಸ ಹಾಗೆಯೇ ಬಿಡುವುದು. ಪಾಪನಿವೇದನೆಯಲ್ಲೂ ಅವಳು ಇದನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. ಗುರುಗಳು ಅಲ್ಲಿ ಏನು ಹೇಳಿದರೋ ಅದು ಅವರಿಬ್ಬರ ನಡುವಿನದು. ಆದರೆ ಅವಳು ಒಂದು ದಿನ ಬಂದು, "ಫಾದರ್ ನಂಗೆ ರಾತ್ರಿ ನಿದ್ದೆ ಮಾಡೋಕೆ ಅಪ್ಪಣೆ ಕೊಟ್ಟಿದಾರೆ" ಎಂದು ಮೊದಲ ಸಲ ನಕ್ಕಳು.

ಇನ್ನು ತಂದೆ. ಅವರು ತಾನು ಸರಿಯಾದ ಕಡೆ ಇದ್ದೇನೆ ಎಂದೇ ನಂಬಿದ್ದರು. ಮಗಳನ್ನು ಮೂಢನಂಬಿಕೆಯಿಂದ ಬಿಡಿಸುವವನು ತಾನು, ಅವಳಿಗೆ ವೈದ್ಯೆಯ ಬದುಕು ಕೊಡುವವನು ತಾನು. ಆದರೆ ಜೆಸಿಂತಾಳ ಪ್ರಾರ್ಥನೆಯನ್ನು ಊಟದ ಮುಂದೆ ಆಡಿಕೊಳ್ಳುತ್ತಿದ್ದರು, "ಲಕ್ಷ ಕಟ್ಟಿದ್ದೀನಿ" ಎಂಬುದನ್ನು ವಾರಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಹುಡುಗಿಯ ಪಾಲಿಗೆ ಅದೂ ಒಂದು ಹರಕೆಯೇ. ಒಬ್ಬರು ದೇವರ ಹೆಸರಲ್ಲಿ ಕಟ್ಟಿದ್ದರು, ಇನ್ನೊಬ್ಬರು ಫೀಸಿನ ರಸೀದಿಯಲ್ಲಿ. ಇದನ್ನು ಇಷ್ಟೇ ನೇರವಾಗಿ ಅವರಿಗೆ ಹೇಳಿದೆ. ಕೋಪ ಬಂತು, ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರ ಬಂದರು.

ಮೂವರನ್ನೂ ಒಟ್ಟಿಗೆ ಕೂರಿಸಿದ ದಿನ ಜೆಸಿಂತಾಳನ್ನು ಒಂದು ಪ್ರಶ್ನೆ ಕೇಳಿದೆ: ದೇವರು ಇದ್ದಾನೆ ಅಂತ ನಿನಗೆ ಬಲವಾಗಿ ಅನ್ನಿಸಿದ್ದು ಯಾವಾಗ? ಅಮ್ಮನ ಜಪಸರದ ಮಾತು ಬರಬಹುದೆಂದು ನಾವೆಲ್ಲ ಕಾದಿದ್ದೆವು. ಅವಳು 2019ರ ಆಗಸ್ಟಿನ ಪ್ರವಾಹದ ಮಾತೆತ್ತಿದಳು. ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿ ಕಡೆ ಹೊಳೆದಂಡೆಯ ಮನೆಗಳು ಮುಳುಗಿದಾಗ ತಂದೆ ತೋಟದ ಪಿಕಪ್ಪಿನಲ್ಲಿ ಜನರನ್ನು ಪರಿಹಾರ ಕೇಂದ್ರಕ್ಕೆ ಸಾಗಿಸಲು ಹೋಗಿದ್ದರು. "ಅಪ್ಪ ಮೂರು ದಿನ ಮನೆಗೇ ಬರ್ಲಿಲ್ಲ. ಬಂದಾಗ ಪ್ಯಾಂಟು ತೊಡೆವರೆಗೂ ಕೆಸರು. ಯಾರ್ದೋ ಅಜ್ಜೀನ ಬೆನ್ನ ಮೇಲೆ ಹೊತ್ಕೊಂಡು ಬಂದ್ರಂತೆ. ಯೇಸು ಸ್ವಾಮಿ ಶಿಷ್ಯರ ಕಾಲು ತೊಳೆದ ಭಾಗ ಓದುವಾಗೆಲ್ಲ ನಂಗೆ ಅಪ್ಪನ ಆ ಪ್ಯಾಂಟೇ ನೆನಪಾಗುತ್ತೆ. ನಂಗೆ ಅಂಥ ಕೆಲಸ ಮಾಡ್ಬೇಕು ಅನ್ಸುತ್ತೆ."

"ಅದಕ್ಕೂ ಇದಕ್ಕೂ ಏನಮ್ಮಾ ಸಂಬಂಧ?" ಎಂದರು ತಂದೆ. ಆಮೇಲೆ ಮಾತಾಡಲು ಅವರಿಂದ ಆಗಲಿಲ್ಲ. ತಾಯಿ ಮೆಲ್ಲಗೆ, "ಅವತ್ತು ನಾನು ಇವರ ಜೊತೆ ಎಷ್ಟು ಜಗಳ ಮಾಡಿದ್ದೆ, ಮನೆ ಬಿಟ್ಟು ಹೋದ್ರು ಅಂತ," ಅಂದರು.

ಭಾನುವಾರದ ಪೂಜೆಗೆ ತಡವಾಗಿ ಬಂದು ಹಿಂದೆ ನಿಲ್ಲುವ ಅಪ್ಪನಿಂದ ಈ ಹುಡುಗಿ ತನ್ನ ನಂಬಿಕೆಯ ತಿರುಳನ್ನು ಪಡೆದಿದ್ದಳು. ಅಮ್ಮನಿಂದ ಅವಳಿಗೆ ಪ್ರಾರ್ಥನೆಯ ಮಾತುಗಳು ಸಿಕ್ಕವು, ಅವೂ ಸಣ್ಣ ಆಸ್ತಿಯಲ್ಲ. ಯಾವುದು ಯಾವಾಗ ಮಗುವಿನ ಮನಸ್ಸಿಗೆ ಇಳಿಯುತ್ತದೆ ಎಂಬುದು ತಂದೆತಾಯಿಯ ಕೈಯಲ್ಲಿಲ್ಲ. ನಾವು ಕಲಿಸುತ್ತಿದ್ದೇವೆ ಅಂದುಕೊಂಡ ಹೊತ್ತಿನಲ್ಲಿ ಅವರು ಕಲಿಯುತ್ತಿರುವುದು ಬೇರೆ ಏನನ್ನೋ.

ಅಲ್ಲಿಂದ ಮುಂದೆ ಕರೆಯ ವಿಷಯವನ್ನು ಶಾಂತವಾಗಿ ಮಾತಾಡಲು ಸಾಧ್ಯವಾಯಿತು. ಜೆಸಿಂತಾಳಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದೆ: ಸಿಸ್ಟರ್ ಆಗಬೇಕು ಎಂದು ಅನ್ನಿಸಿದ ದಿನ ನೀನು ಎಲ್ಲಿದ್ದೆ, ಪಕ್ಕದಲ್ಲಿ ಯಾರಿದ್ದರು, ಮೈ ಹಗುರಿತ್ತೇ ಬಿಗಿದಿತ್ತೇ? ತಿಂಗಳಾದ ಮೇಲೆ ಓದಿದರೆ, ವೃದ್ಧಾಶ್ರಮದಲ್ಲಿ ಅಜ್ಜಿಯರಿಗೆ ಊಟ ಬಡಿಸಿದ ಭಾನುವಾರಗಳಲ್ಲಿ ಅದು ಹಗುರಾಗಿ ಬಂದಿತ್ತು. ಯಾರಾದರೂ "ಸಿಸ್ಟರಮ್ಮ" ಅಂದ ದಿನಗಳಲ್ಲಿ ಬಿಗಿದು ಬಂದಿತ್ತು. ಜೀವಶಾಸ್ತ್ರದ ಪ್ರಯೋಗಾಲಯದಲ್ಲೂ ಅಂಥದೇ ಹಗುರವಾದ ಖುಷಿ ಇತ್ತು. ಅದನ್ನು ನೋಡಿ ಅವಳಿಗೇ ಆಶ್ಚರ್ಯ.

ತಂದೆಗೆ ಮೇರಿ ಗ್ಲೌರಿ ಅವರ ವಿಷಯ ಹೇಳಿದೆ. ಆಸ್ಟ್ರೇಲಿಯಾದ ವೈದ್ಯೆ, 1920ರಲ್ಲಿ ಗುಂಟೂರಿಗೆ ಬಂದು ಸಿಸ್ಟರ್ ಆದರು, ವೈದ್ಯವೃತ್ತಿ ಬಿಡಲಿಲ್ಲ. 1943ರಲ್ಲಿ ದೇಶದ ಕಥೋಲಿಕ ಆಸ್ಪತ್ರೆಗಳನ್ನು ಒಂದುಗೂಡಿಸುವ ಸಂಘವನ್ನು ಸ್ಥಾಪಿಸಿದರು. ಎರಡು ದಾರಿಗಳು ಸೇರಬಹುದು ಎಂಬುದೇ ಈ ತಂದೆಗೆ ಹೊಳೆದಿರಲಿಲ್ಲ. ತಾಯಿಗೆ ಇಷ್ಟದ ಸಂತಳು ಫ್ರಾನ್ಸಿನ ಲಿಸ್ಯೂವಿನ ಪುಟ್ಟ ತೆರೇಸಾ. 15ನೇ ವಯಸ್ಸಿಗೆ ಮಠ ಸೇರಿದವಳು, ಅವಳ ತಂದೆತಾಯಿಯರಾದ ಲೂಯಿ ಮತ್ತು ಝೆಲಿ 2015ರಲ್ಲಿ ಸಂತ ಪದವಿಗೇರಿದರು, ಬದುಕುಳಿದ ಐದು ಹೆಣ್ಣುಮಕ್ಕಳೂ ಸಿಸ್ಟರ್‌ಗಳಾದರು. "ಅಂಥ ಮನೆ ನಮ್ದಾಗ್ಬೇಕು" ಎನ್ನುತ್ತಿದ್ದರು ತಾಯಿ. ಗುರುಗಳು ಪರಿಚಯಿಸಿದ ಒಬ್ಬ ಹಿರಿಯ ಸಿಸ್ಟರ್ ಆ ಮನೆಯ ಇನ್ನೊಂದು ಮಗಳ ಕಥೆ ಹೇಳಿದರು. ಲಿಯೊನಿ ಮೂರು ಸಲ ಮಠ ಸೇರಿ ಮೂರು ಸಲವೂ ಹೊರಬಂದಳು, ಕೊನೆಗೆ 1899ರಲ್ಲಿ ಸೇರಿದ ಮೇಲೆ ನೆಲೆ ನಿಂತಳು. ಪ್ರತಿ ಸಲ ಹೊರಬಂದಾಗಲೂ ಅವಳಿಗೆ ತನ್ನವರ ಮನೆ ಇತ್ತು. ತೆರೇಸಾ ಮಠಕ್ಕೆ ಹೋಗುತ್ತೇನೆಂದು ತಾನೇ ಅಪ್ಪನ ಬಳಿ ಕೇಳಿದ್ದಳು ಎಂಬುದನ್ನೂ ಸಿಸ್ಟರ್ ನೆನಪಿಸಿದರು. ಕೇಳಿದ್ದು ಮಗಳು, ಒಪ್ಪಿದ್ದು ಅಪ್ಪ.

ತಂದೆಗೆ ಪಿಯುಸಿ ಮುಗಿದ ಮರುದಿನವೇ ಮಗಳು ಕೈತಪ್ಪಿ ಹೋಗುತ್ತಾಳೆಂಬ ಭಯ. ತಾಯಿಗೆ ಈಗ ಹೋಗದಿದ್ದರೆ ಇನ್ನೆಂದೂ ಇಲ್ಲ ಎಂಬ ಅವಸರ. ಇಬ್ಬರಿಗೂ ಧರ್ಮಸಭೆಯ ನಿಯಮವನ್ನೇ ಕಾಗದದ ಮೇಲೆ ಬರೆದು ತೋರಿಸಿದೆ. 17 ತುಂಬದೆ ನವಶಿಷ್ಯತ್ವಕ್ಕೆ ತೆಗೆದುಕೊಳ್ಳುವಂತಿಲ್ಲ, ಅದು ಕನಿಷ್ಠ ಹನ್ನೆರಡು ತಿಂಗಳು. ಮೊದಲ ವ್ರತಕ್ಕೆ 18 ತುಂಬಿರಬೇಕು. ಆ ತಾತ್ಕಾಲಿಕ ವ್ರತದ ಕಾಲ ಮೂರು ವರ್ಷಕ್ಕೆ ಕಡಿಮೆಯಿಲ್ಲ, ಜೀವನಪೂರ್ತಿಯ ನಿತ್ಯವ್ರತ 21ಕ್ಕೆ ಮೊದಲು ಇಲ್ಲ. ಸುಮಾರು ಎರಡು ಸಾವಿರ ವರ್ಷದ ಸಂಸ್ಥೆಯೇ ಇಷ್ಟು ಕಾಯುತ್ತದೆ ಎಂದಾದರೆ ನಾವು 16ರಲ್ಲಿ ತೀರ್ಮಾನ ಕೇಳುವುದು ಯಾಕೆ?

ಕೊನೆಗೆ ಮನೆಯವರೇ ಮಾಡಿಕೊಂಡ ಒಪ್ಪಂದ ಹೀಗಿದೆ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಯುವವರೆಗೆ ಮನೆಯಲ್ಲಿ ಯಾರೂ ಈ ಮಾತೆತ್ತುವುದಿಲ್ಲ, ಜೆಸಿಂತಾ ತಾನಾಗಿ ಎತ್ತಿದರೆ ಮಾತ್ರ. ಚರ್ಚಿನಲ್ಲಿ ಯಾರಾದರೂ "ಸಿಸ್ಟರಮ್ಮ" ಎಂದು ಕರೆದರೆ ತಾಯಿಯೇ ಮುಂದೆ ಬಂದು "ಅವಳು ಇನ್ನೂ ಓದ್ತಾ ಇದಾಳೆ" ಎನ್ನಬೇಕು. ನೀಟ್ ಬರೆಯುವುದೋ ಬಿಡುವುದೋ ಅವಳ ಇಷ್ಟ, ಕಟ್ಟಿದ ದುಡ್ಡಿನ ಮಾತು ತಂದೆಯ ಬಾಯಲ್ಲಿ ಬರಬಾರದು. ಬೇಸಿಗೆ ರಜೆಯಲ್ಲಿ ದೈವಕರೆ ಶಿಬಿರಕ್ಕೆ ಹೋಗಬೇಕೆನಿಸಿದರೆ ಅಪ್ಪ ಅಮ್ಮ ಇಬ್ಬರೂ ಹೋಗಿ ಬಿಟ್ಟು ಬರುತ್ತಾರೆ, ಬಂದ ಮೇಲೆ ಒಂದು ತಿಂಗಳು ಯಾರೂ "ಏನು ತೀರ್ಮಾನ ಮಾಡ್ದೆ" ಎಂದು ಕೇಳುವುದಿಲ್ಲ. ಬೇಡ ಅಂದರೆ, ಆ "ಬೇಡ"ಕ್ಕೆ ಮನೆಯಲ್ಲಿ ಅಳು, ಮೌನ, ಉಪವಾಸ ಯಾವುದೂ ಇರಬಾರದು. ಈ ಕೊನೆಯ ಅಂಶಕ್ಕೆ ತಾಯಿ ಒಪ್ಪಲು ಹೆಚ್ಚು ಹೊತ್ತು ಹಿಡಿಯಿತು. ಬೇಡ ಎನ್ನಲು ಬಾಗಿಲು ಇಲ್ಲದ ಕಡೆ ಮಗಳು ಹೇಳುವ ಹೂಂಗೆ ಬೆಲೆಯೇ ಇಲ್ಲ ಎಂದು ಗುರುಗಳೂ ಹೇಳಿದ ಮೇಲೆ ಒಪ್ಪಿದರು.

ಈಗ ಅವಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಊಟ ಮಾಡುತ್ತಾಳೆ, ಹಿಮೋಗ್ಲೋಬಿನ್ ಏರಿದೆ, ಹೆಚ್ಚಿನ ರಾತ್ರಿ ನಿದ್ದೆ ಬರುತ್ತದೆ. ಮಳೆ ಜೋರಾದ ರಾತ್ರಿಗಳಲ್ಲಿ ಹಳೆಯ ಹೆದರಿಕೆ ಇನ್ನೂ ತಲೆಯೆತ್ತುತ್ತದೆ, ಅದಕ್ಕೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿದೆ. ತಾಯಿ ಎರಡು ಸಲ ಮಾತು ತಪ್ಪಿ ಮಠದ ವಿಷಯ ಎತ್ತಿದರು, ಎರಡು ಸಲವೂ ಮಗಳೇ "ಅಮ್ಮಾ, ಪರೀಕ್ಷೆ ಆದ್ಮೇಲೆ" ಎಂದು ನೆನಪಿಸಿದಳಂತೆ. ತಾಯಿ ಲೈನ್ ಮನೆಗಳಿಗೆ ಹೋಗುವ ಶನಿವಾರಗಳಲ್ಲಿ ತಂದೆಯೇ ಅವರನ್ನು ತೋಟದ ಜೀಪಿನಲ್ಲಿ ಬಿಟ್ಟು ಬರುತ್ತಾರೆ. ಸಿಸ್ಟರ್ ಆಗುತ್ತಾಳೋ, ವೈದ್ಯೆಯಾಗುತ್ತಾಳೋ, ಮದುವೆಯಾಗಿ ಇಲ್ಲೇ ಇರುತ್ತಾಳೋ ಜೆಸಿಂತಾ ಇನ್ನೂ ತೀರ್ಮಾನಿಸಿಲ್ಲ. ನಾನೂ ಕೇಳಿಲ್ಲ. ಪರೀಕ್ಷೆ ಮುಗಿದ ಮೇಲೆ ಬರುತ್ತೇನೆ ಎಂದಿದ್ದಾಳೆ.